ಸಿಂಹದ ನಲ್ಲಿಗೆ ರಸಮಟ್ಟ ಇಟ್ಟವನು

ಊರಿನವರು ಅವನನ್ನು ರಸಮಟ್ಟ ಎಂದೇ ಕರೆಯುತ್ತಿದ್ದರು. ಗಾರೆ ಕೆಲಸದವರ ಹತ್ತಿರ ಇರುತ್ತದಲ್ಲ, ಗಾಜಿನ ಕೊಳವೆಯೊಳಗೆ ಒಂದು ಗುಳ್ಳೆ ಆಚೀಚೆ ಓಡಾಡಿಕೊಂಡಿರುವ ಪಟ್ಟಿ, ಅದೇ. ಉಳಿದ ಮೇಸ್ತ್ರಿಗಳು ಕೆಲಸ ಮುಗಿದ ಮೇಲೆ ಅದನ್ನು ಚೀಲಕ್ಕೆ ತುರುಕಿ ಮನೆಗೆ ಹೋಗುತ್ತಾರೆ. ಇವನು ಮನೆಗೆ ಹೋದ ಮೇಲೂ ಹೊರಗೆ ತೆಗೆಯುತ್ತಿದ್ದ. ನೆಂಟರ ಮನೆಯಲ್ಲಿ ಊಟದ ಮೇಜಿನ ಮೇಲಿಟ್ಟು ನೋಡುತ್ತಿದ್ದ. ಒಮ್ಮೆ ಆಸ್ಪತ್ರೆಯಲ್ಲಿ ಮಂಚದ ಅಂಚಿಗೆ ಇಟ್ಟು, ಜ್ವರದಿಂದ ನರಳುತ್ತಿದ್ದ ಷಡ್ಡಕನಿಗೆ, "ನಿನ್ನ ತಲೆ ಒಂದು ಬೆರಳು ಕೆಳಗಿದೆ ಕಣಯ್ಯ" ಎಂದು ಹೇಳಿ ಬಂದಿದ್ದ. ಷಡ್ಡಕ ಬಹಳ ಕಾಲ ಇವನ ಜೊತೆ ಮಾತು ಬಿಟ್ಟಿದ್ದ.

ಈಗ ಈ ಕತೆಯನ್ನೆಲ್ಲ ಅವನೇ ಹೇಳಿಕೊಂಡು ನಗುತ್ತಾನೆ. ಚೌಕದ ಬೇಕರಿಯ ಮುಂದೆ ಯಾರಾದರೂ ಹೊಸಬರು ಸಿಕ್ಕರೆ ಸಾಕು, "ಈ ಊರಲ್ಲಿ ಒಬ್ಬ ದೊಡ್ಡ ದಡ್ಡ ಇದ್ದಾನೆ, ಅವನ ಕತೆ ಕೇಳಿದ್ದೀರಾ?" ಎಂದು ಶುರು ಮಾಡುತ್ತಾನೆ. ಆ ದಡ್ಡ ಯಾರೆಂದು ಕೊನೆಯವರೆಗೂ ಹೇಳುವುದಿಲ್ಲ. ಆದರೆ ಹೇಳುವಾಗ ಅವನ ಕಿವಿ ಕೆಂಪಾಗುತ್ತದೆ, ಕೇಳುವವರಿಗೆ ಅಷ್ಟರಿಂದಲೇ ಗೊತ್ತಾಗಿಬಿಡುತ್ತದೆ.

ಜಂಬಕ್ಕೆ ಕಾರಣ ಇರಲಿಲ್ಲ ಅಂತಲ್ಲ. ಅವನು ಕಟ್ಟಿದ ಗೋಡೆ ಬಿರುಕು ಬಿಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ಆದರೆ ಕಟ್ಟಿದ್ದೆಲ್ಲ ಎಲ್ಲಿ? ಯಾರದೋ ಬಚ್ಚಲಲ್ಲಿ, ಯಾರದೋ ಹಿತ್ತಲಲ್ಲಿ, ಗೋದಾಮಿನ ಹಿಂಬದಿಯಲ್ಲಿ. ನಾಲ್ಕು ಜನ ನಿಂತು ನೋಡುವ ಜಾಗದಲ್ಲಿ ಅವನ ಕೈಯ ಕೆಲಸ ಒಂದೂ ಇರಲಿಲ್ಲ. ಸ್ವಂತ ಮನೆಯ ವಿಷಯ ಕೇಳಲೇಬೇಡಿ. ಅಡುಗೆಮನೆ ಬಾಗಿಲು ಮುಚ್ಚಬೇಕಾದರೆ ಕೆಳಗೆ ಕಾಲಲ್ಲಿ ಒದೆಯಬೇಕು, ಮೇಲೆ ಹೆಗಲು ಕೊಡಬೇಕು. ಹೆಂಡತಿ ಹೇಳಿ ಹೇಳಿ ಸುಸ್ತಾಗಿ, ಕೊನೆಗೆ ಒದೆಯುವುದರಲ್ಲಿ ಎತ್ತಿದ ಕೈ, ಅಲ್ಲ, ಎತ್ತಿದ ಕಾಲು ಎನಿಸಿಕೊಂಡಿದ್ದಳು.

ಆ ಮನೆಯಲ್ಲಿ ಅವನ ಅಕ್ಕನೂ ಇದ್ದಳು. ಅವನನ್ನು ಸಾಕಿದವಳು ಅವಳೇ. ತಂದೆ ತಾಯಿ ಇಬ್ಬರೂ ಬೇಗ ಹೋದಾಗ ಇವನಿನ್ನೂ ಸರಿಯಾಗಿ ಮಾತು ಬಾರದ ಮಗು. ಅಕ್ಕ ಚೌಕದಲ್ಲಿ ಬೇಕರಿಯ ಗೋಡೆಗೆ ಒರಗಿ ಕೂತು, ಮುರಿದ ಕೊಡೆಗಳನ್ನೂ ಹರಿದ ಚೀಲಗಳನ್ನೂ ಹೊಲಿದು ಕೊಟ್ಟು ಇವನ ಹೊಟ್ಟೆ ತುಂಬಿಸಿದಳು. ಆಟವಾಡಿ ಧೂಳು ಮೆತ್ತಿಕೊಂಡು ಬಂದರೆ ಸೊಂಟದ ಮೇಲೆ ಎತ್ತಿಕೊಂಡು ಎದುರಿಗಿದ್ದ ಸಿಂಹದ ನಲ್ಲಿಗೆ ಕರೆದೊಯ್ಯುತ್ತಿದ್ದಳು. ನೀರು ಕುಡಿಸಿ, ಅದೇ ಒದ್ದೆ ಕೈಯಿಂದ ಮುಖ ಉಜ್ಜುತ್ತಿದ್ದಳು. ಮೇಣದ ದಾರ ಎಳೆದು ಎಳೆದು ಒರಟಾದ ಕೈ ಅದು. ಕೆನ್ನೆ ಉರಿಯುತ್ತಿತ್ತು.

ಸಿಂಹದ ನಲ್ಲಿ ಎಂದರೆ ಚೌಕದ ನಡುವೆ ಯಾವುದೋ ಕಾಲದಲ್ಲಿ ಯಾರೋ ಪುಣ್ಯಾತ್ಮರು ನಿಲ್ಲಿಸಿದ ಕಲ್ಲಿನ ಕಂಬ. ನಾಲ್ಕು ಮುಖಕ್ಕೂ ಒಂದೊಂದು ಹಿತ್ತಾಳೆಯ ಸಿಂಹದ ತಲೆ, ಬಾಯಿಂದ ನೀರು. ಸುತ್ತ ಕಲ್ಲಿನ ತೊಟ್ಟಿ, ತೊಟ್ಟಿಗೆ ಅಗಲವಾದ ಅಂಚುಗಟ್ಟೆ. ಕುಡಿಯುವವರು ಎಡಗೈಯನ್ನು ಕಟ್ಟೆಯ ಮೇಲೂರಿ, ಬಗ್ಗಿ, ಬಲಗೈಯನ್ನು ನೀರಿಗೆ ಒಡ್ಡಬೇಕು. ದಾರಿಹೋಕರು, ಹೊರೆಯಾಳುಗಳು, ಶಾಲೆಯ ಮಕ್ಕಳು ಎಲ್ಲರೂ ಅಲ್ಲೇ ಬಗ್ಗಿ ಕುಡಿದವರು. ಆಮೇಲೆ ಮನೆಮನೆಗೆ ಕೊಳಾಯಿ ಬಂತು, ಕಂಬದೊಳಗಿನ ಕೊಳವೆ ತುಕ್ಕು ಹಿಡಿಯಿತು, ಸಿಂಹಗಳು ಬಾಯಿ ಒಣಗಿಸಿಕೊಂಡು ನಿಂತವು. ಜನ ಅವುಗಳ ಬಾಯಿಗೆ ಖಾಲಿ ಪೊಟ್ಟಣ ತುರುಕಿದರು, ನೆತ್ತಿಗೆ ಜಾಹೀರಾತು ಅಂಟಿಸಿದರು.

ಈ ಕತೆ ನಡೆಯುವುದಕ್ಕೆ ಎರಡು ವರ್ಷ ಮುಂಚೆ ಅಕ್ಕ ಬೀದಿಯಲ್ಲಿ ಕಾಲು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮೂಳೆ ಕೂಡಿಕೊಂಡಿತು, ಭಯ ಹೋಗಲಿಲ್ಲ. ಮನೆಯೊಳಗೆ ಗೋಡೆ ಹಿಡಿದು ಓಡಾಡುವವಳು ಹೊಸ್ತಿಲ ಹತ್ತಿರ ಬಂದರೆ ನಿಂತುಬಿಡುತ್ತಿದ್ದಳು. ಡಾಕ್ಟರು ನಡೆಯಬೇಕು ಎಂದರು. ಇವನು ಗದರಿದ, ಅಂಗಲಾಚಿದ, ಊಟ ಬಿಡುತ್ತೇನೆ ಎಂದು ಹೆದರಿಸಿದ. ಊಟ ಬಿಟ್ಟಿದ್ದು ಅರ್ಧ ದಿನ. ಅಷ್ಟರಲ್ಲಿ ಹಸಿವಾಯಿತು.

"ಎಷ್ಟು ದಿನಾಂತ ಕಿಟಕಿ ಮುಂದೆ ಕೂತಿರ್ತೀರಿ ಅತ್ತಿಗೆ? ಬೀದಿ ಕೊನೆವರೆಗಾದ್ರೂ ಬನ್ನಿ" ಎಂದು ಅವನ ಹೆಂಡತಿ ಒಂದು ದಿನ ಕೈಹಿಡಿದು ಎಳೆದಾಗ ಅಕ್ಕ ನಕ್ಕಳು.

"ಬರ್ತೀನಮ್ಮ. ಸಿಂಹದ ನಲ್ಲೀಲಿ ನೀರು ಬರ್ಲಿ, ಆವತ್ತು ಬಂದು ಕುಡೀತೀನಿ. ಅಲ್ಲೀವರೆಗೆ ನನ್ನ ಪಾಡಿಗೆ ಬಿಡಿ."

ಆಗದ ಮಾತೆಂದು ತಿಳಿದೇ ಹೇಳಿದ ನೆಪ ಅದು. ಮೂವರಿಗೂ ಗೊತ್ತಿತ್ತು.

ಅದಾಗಿ ಸ್ವಲ್ಪ ಕಾಲಕ್ಕೆ ನಗರಸಭೆಯವರು ಸಿಂಹದ ನಲ್ಲಿಯನ್ನು ಸರಿಮಾಡಿಸುತ್ತಾರೆ ಎಂಬ ಸುದ್ದಿ ಬಂತು. ರಸಮಟ್ಟ ಕಲಸುತ್ತಿದ್ದ ಗಾರೆಯನ್ನು ಹಾಗೇ ಬಿಟ್ಟು, ಮೊಣಕೈವರೆಗೆ ಸಿಮೆಂಟು ಮೆತ್ತಿಕೊಂಡೇ ನಗರಸಭೆಗೆ ಓಡಿದ. ಅಲ್ಲಿ ಆ ಕೆಲಸ ನೋಡಿಕೊಳ್ಳುತ್ತಿದ್ದವಳು ಇಂಜಿನಿಯರ್ ಹುಡುಗಿ. ಅವಳ ಮೇಜಿನ ಮುಂದೆ ನಿಂತು ತನ್ನ ಪ್ರತಾಪವನ್ನೆಲ್ಲ ಕೊಚ್ಚಿಕೊಂಡ. ಮಾತಿನ ನಡುವೆ ಕೈ ತನ್ನಷ್ಟಕ್ಕೆ ಚೀಲಕ್ಕೆ ಹೋಗಿ, ರಸಮಟ್ಟ ಹೊರಗೆ ಬಂದು, ಅವಳ ಮೇಜಿನ ಮೇಲೆ ಕೂತಿತು.

"ಮೇಜು ವಾಲಿದೆಯಾ ಮೇಸ್ತ್ರಿ?" ಎಂದಳು ಅವಳು.

"ಸ್ವಲ್ಪ."

"ಹಾಗಾದ್ರೆ ಈ ಕೆಲಸ ನಿಮಗೇ. ಆದ್ರೆ ಒಂದು ಮಾತು. ಇದು ಹಳೇ ಕಲ್ಲು. ತೊಳೀರಿ, ಬಿರುಕು ಮುಚ್ಚಿ, ಸಾಕು. ಬೇರೆ ಏನೇ ಮುಟ್ಟೋದಿದ್ರೂ ನನ್ನ ಕೇಳಿ."

ಆ ಮಾತನ್ನು ಅವನು ಕಿವಿಯ ಮೇಲೆ ಹಾಕಿಕೊಂಡ. ಕಿವಿಯ ಒಳಗೆ ಹಾಕಿಕೊಳ್ಳಲಿಲ್ಲ. ಮನೆಗೆ ಬಂದವನೇ ಕಿಟಕಿಯ ಮುಂದೆ ನಿಂತು, "ಅಕ್ಕ, ಚಪ್ಪಲಿ ಹುಡುಕ್ಕೊಂಡು ಇಟ್ಕೊ" ಎಂದ. ಅಕ್ಕನ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ಆದರೆ ಅವಳು ಆಡಿದ ಮಾತು ತಪ್ಪುವವಳಲ್ಲ. "ನೀರು ಬರ್ಲಿ, ನೋಡೋಣ" ಎಂದಳು.

ಕೆಲಸ ಶುರುವಾಯಿತು. ಜೊತೆಗೆ ನಗರಸಭೆಯ ನಲ್ಲಿ ಕೆಲಸದವನಿದ್ದ. ಉದ್ದಕ್ಕೆ ಸಣಕಲಾಗಿ, ತಾನು ಜೋಡಿಸುವ ಕೊಳವೆಯ ಹಾಗೇ ಇದ್ದ, ಬಾಯಿ ಮಾತ್ರ ಸದಾ ಸೋರುತ್ತಿತ್ತು. ಅವನು ಹಳೆಯ ಕೊಳವೆ ಕಿತ್ತು ಹೊಸದನ್ನು ಇಳಿಸಿದ. ರಸಮಟ್ಟ ಕಲ್ಲಿಗೆ ಅಂಟಿದ್ದ ಬಣ್ಣದ ಪದರಗಳನ್ನು ಕೆರೆದ, ಸಿಂಹದ ಬಾಯಿಗಳಿಂದ ಪೊಟ್ಟಣ, ಬಾಟಲಿ ಮುಚ್ಚಳ, ಒಂದು ಒಂಟಿ ಕೈಗವಸು, ಕಣಜದ ಗೂಡು ಹೊರಗೆ ತೆಗೆದ. ಕಣಜಗಳಿಗೆ ಈ ಜೀರ್ಣೋದ್ಧಾರ ಒಪ್ಪಿಗೆಯಾಗಲಿಲ್ಲ. ಮೇಸ್ತ್ರಿಯ ಮೂಗು ಮೂರು ದಿನ ಸಿಂಹದ ಮೂಗಿಗಿಂತ ದೊಡ್ಡದಾಗಿತ್ತು.

ಕಲ್ಲು ಸ್ವಚ್ಛವಾದ ಮೇಲೆ ಅವನು ಅಂಚುಗಟ್ಟೆಯ ಮೇಲೆ ರಸಮಟ್ಟ ಇಟ್ಟು ನೋಡಿದ. ಗುಳ್ಳೆ ಓಡಿಹೋಗಿ ಒಂದು ಮೂಲೆಯಲ್ಲಿ ಕೂತುಬಿಟ್ಟಿತು. ಸುತ್ತಲೂ ಇಟ್ಟು ನೋಡಿದ. ಎಲ್ಲಿ ನೋಡಿದರೂ ಕಟ್ಟೆ ಒಳಗಡೆಗೆ, ತೊಟ್ಟಿಯ ಕಡೆಗೆ ವಾಲಿತ್ತು. ಸಾಲದ್ದಕ್ಕೆ ಪ್ರತಿ ಸಿಂಹದ ಎಡಗಡೆಗೂ ಕಟ್ಟೆಯಲ್ಲಿ ಒಂದೊಂದು ತಗ್ಗು.

"ಪಾಪ, ಆ ಕಾಲದ ಮೇಸ್ತ್ರಿಗೆ ರಸಮಟ್ಟ ಸಿಕ್ಕಿರಲಿಲ್ಲ ಅಂತ ಕಾಣುತ್ತೆ" ಎಂದು ಅವನು ತಲೆಯಾಡಿಸಿದ.

"ಅವನು ಕಟ್ಟಿದ್ದು ಇನ್ನೂ ನಿಂತಿದೆಯಲ್ಲ ಮೇಸ್ತ್ರಿ" ಎಂದ ನಲ್ಲಿ ಕೆಲಸದವನು.

"ನಿಲ್ಲೋದು ಬೇರೆ, ಮಟ್ಟವಾಗಿ ನಿಲ್ಲೋದು ಬೇರೆ."

ಇಂಜಿನಿಯರ್ ಹುಡುಗಿಯನ್ನು ಕೇಳಬೇಕಿತ್ತು. ಅವಳು ಆ ವಾರ ಬೇರೆ ಕಡೆ ಚರಂಡಿ ಕೆಲಸದಲ್ಲಿದ್ದಳು. ಫೋನು ಜೇಬಿನಲ್ಲೇ ಇತ್ತು. ಆದರೆ ಕೇಳಿದರೆ ಬೇಡ ಎನ್ನುತ್ತಾಳೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಅದೇ ಜಾತಿಯ ಕಲ್ಲಿನ ಪುಡಿಯನ್ನು ಜರಡಿ ಹಿಡಿದು, ಸಿಮೆಂಟಿಗೆ ಬೆರೆಸಿ, ಬಣ್ಣ ಹೊಂದುವವರೆಗೆ ಮಾದರಿ ಮೇಲೆ ಮಾದರಿ ಮಾಡಿ, ಕೊನೆಗೆ ಕಲ್ಲೇ ನಾಚಬೇಕು ಅಂಥ ಗಾರೆ ಕಲಸಿದ. ಇಡೀ ಕಟ್ಟೆಯ ಮೇಲೆ ಎಳೆದ. ತಗ್ಗುಗಳು ಮುಚ್ಚಿದವು, ವಾಲು ಹೋಯಿತು. ಒಣಗಿದ ಮೇಲೆ ಉಜ್ಜಿ ಉಜ್ಜಿ ಹೊಳಪು ಕೊಟ್ಟ. ರಸಮಟ್ಟ ಇಟ್ಟರೆ ಗುಳ್ಳೆ ನಟ್ಟನಡುವೆ, ಮಿಸುಕಾಡಲಿಲ್ಲ. ಅವನು ಅದನ್ನು ನೋಡುತ್ತ ನಿಂತ ಭಂಗಿ ನೋಡಿ ಬೇಕರಿಯವಳು, ಮೇಸ್ತ್ರಿಗೆ ಮೊಮ್ಮಗು ಹುಟ್ಟಿತೇನೋ ಅಂದುಕೊಂಡಳಂತೆ.

ಉದ್ಘಾಟನೆಯ ದಿನ ಕುರ್ಚಿ ಹಾಕಿದ್ದರು, ಮೈಕು ಕಿರುಚುತ್ತಿತ್ತು. ನಗರಸಭೆಯ ಅಧ್ಯಕ್ಷರು ಹೊಸ ಬಿಳಿ ಬೂಟು ತೊಟ್ಟು ಬಂದಿದ್ದರು. ರಸಮಟ್ಟ ಇಸ್ತ್ರಿ ಮಾಡಿದ ಅಂಗಿ ಹಾಕಿ ಮುಂದಿನ ಸಾಲಿನಲ್ಲಿ ಕೂತಿದ್ದ. ಅವನ ಕಣ್ಣು ವೇದಿಕೆಯ ಮೇಲಿರಲಿಲ್ಲ, ಬೀದಿಯ ತಿರುವಿನ ಮೇಲಿತ್ತು. ಅಕ್ಕ ಬರುತ್ತಾಳೋ ಇಲ್ಲವೋ.

ಬಂದಳು. ಅವನ ಹೆಂಡತಿಯ ಭುಜ ಹಿಡಿದು, ಒಂದೊಂದು ಹೆಜ್ಜೆಯನ್ನೂ ನೆಲಕ್ಕೆ ಕೇಳಿ ಕೇಳಿ ಇಡುತ್ತ ಬಂದಳು. ಎರಡು ವರ್ಷದ ಮೇಲೆ ಅಕ್ಕನ ಮುಖಕ್ಕೆ ಬಿಸಿಲು ಬಿದ್ದಿದ್ದನ್ನು ನೋಡಿ ಅವನು ಕುರ್ಚಿಯಿಂದ ಅರ್ಧ ಎದ್ದ. ಅಷ್ಟು ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಹೆಂಡತಿಯ ಮುಂದೆ ಅವನು ಇವತ್ತಿಗೂ ಹೇಳಿಲ್ಲ.

ಅಧ್ಯಕ್ಷರು ತಿರುಪು ತಿರುಗಿಸಿದರು. ನಾಲ್ಕು ಸಿಂಹಗಳೂ ಕೆಮ್ಮಿ, ಕಂದು ನೀರು ಉಗುಳಿ, ಆಮೇಲೆ ತಿಳಿನೀರು ಸುರಿಸಿದವು. ಚಪ್ಪಾಳೆ ಬಿತ್ತು. ಅಧ್ಯಕ್ಷರು ಬಗ್ಗಿ ಬೊಗಸೆಯೊಡ್ಡಿದರು, ಫೋಟೋದವರು ಇನ್ನೊಮ್ಮೆ ಸಾರ್ ಎಂದರು, ಅವರು ಇನ್ನೊಮ್ಮೆ ಒಡ್ಡಿದರು. ಹಿಂದೆಲ್ಲ ಕಟ್ಟೆಯ ಮೇಲೆ ಸಿಡಿದ ನೀರು ತಾನಾಗಿ ತೊಟ್ಟಿಗೆ ಇಳಿಯುತ್ತಿತ್ತು. ಈಗ ಅದಕ್ಕೆ ಎತ್ತ ಹೋಗಬೇಕೆಂದು ತಿಳಿಯಲಿಲ್ಲ. ಮಟ್ಟವಾದ ಕಟ್ಟೆಯ ಮೇಲೆ ಹರಡಿಕೊಂಡು ನಿಂತಿತು, ತುಂಬಿತು, ಹೊರಗಿನ ಅಂಚಿನಿಂದ ಪರದೆಯ ಹಾಗೆ ಇಳಿದು ಬಿಳಿ ಬೂಟುಗಳೊಳಗೆ ಸುರಿಯಿತು. ಅಧ್ಯಕ್ಷರು ಭಾಷಣದುದ್ದಕ್ಕೂ ಕಪ್ಪೆಯಂತೆ ಪಚಪಚ ಸದ್ದು ಮಾಡುತ್ತ ಕಾಲು ಬದಲಾಯಿಸಿದರು. ನಲ್ಲಿ ಕೆಲಸದವನು ಕಂಬದ ಹಿಂದೆ ಅವಿತು, ಹೊಟ್ಟೆ ಹಿಡಿದುಕೊಂಡು ನಕ್ಕ.

ಇಷ್ಟಕ್ಕೇ ಮುಗಿದಿದ್ದರೆ ಅದೊಂದು ತಮಾಷೆ.

ಜನ ಚದುರುತ್ತಿದ್ದಂತೆ ಅಕ್ಕ ಹೆಂಡತಿಯ ಭುಜ ಬಿಟ್ಟು, ಬೇಕರಿಯ ಕಡೆಯ ಸಿಂಹದ ಮುಂದೆ ತಾನೇ ಹೋಗಿ ನಿಂತಳು. ಕಣ್ಣು ಸಿಂಹದ ಮೇಲಿತ್ತು. ಎಡಗೈ ಮಾತ್ರ, ಯಾರೂ ಹೇಳದೆ, ನೋಡದೆ, ಕಟ್ಟೆಯ ಮೇಲೆ ತನ್ನ ಜಾಗಕ್ಕೆ ಹೋಯಿತು. ಅಲ್ಲಿ ತಗ್ಗಿರಬೇಕಿತ್ತು. ಅಂಗೈ ಕೂರುವ ತಗ್ಗು, ಎಷ್ಟೋ ಜನ ಬಾಯಾರಿದವರು ಕೈಯೂರಿ ಊರಿ ಸವೆಸಿದ ತಗ್ಗು. ಒದ್ದೆ ಹೊಳಪಿನ ಮೇಲೆ ಕೈ ಸರ್ರನೆ ಜಾರಿತು. ಅಕ್ಕ ಮುಗ್ಗರಿಸಿದಳು. ನಲ್ಲಿ ಕೆಲಸದವನು ನಗು ನುಂಗಿ, ಹಾರಿ ಬಂದು ತೋಳು ಹಿಡಿಯದಿದ್ದರೆ ಹಣೆ ಕಲ್ಲಿಗೆ ಬಡಿಯುತ್ತಿತ್ತು.

ಏಟೇನೂ ಆಗಲಿಲ್ಲ. ಆದರೆ ಅವಳ ಮುಖಕ್ಕೆ ಎರಡು ವರ್ಷದ ಹಿಂದಿನ ಭಯ ಮರಳಿತ್ತು.

"ಇದು ಆ ನಲ್ಲಿ ಅಲ್ಲ" ಎಂದಳು. "ಮನೆಗೆ ಕರ್ಕೊಂಡು ಹೋಗು."

ಮನೆಯಲ್ಲಿ ಚಪ್ಪಲಿಯನ್ನು ಬಾಗಿಲ ಹಿಂದೆ ತಳ್ಳಿ ಹೇಳಿದಳು, "ಬಾ ಅಂದ್ರಿ, ಬಂದೆ. ನನ್ನ ಮಾತು ತೀರ್ತು. ಇನ್ನು ಯಾರೂ ನನ್ನ ಹೊರಗೆ ಕರೀಬೇಡಿ."

ನೆಲ ಬಿರಿದು ತನ್ನನ್ನು ನುಂಗಬಾರದೇ ಎನ್ನಿಸಿತು ಅವನಿಗೆ. ಕಲ್ಲಿನ ತಗ್ಗಿನಲ್ಲಿ ಅಕ್ಕನ ಅಂಗೈ ಇತ್ತು, ತನ್ನನ್ನು ಎತ್ತಿಕೊಂಡು ಬಗ್ಗಿದಾಗ ಇಬ್ಬರ ಭಾರವನ್ನೂ ಹೊತ್ತಿದ್ದು ಆ ಕೈ. ಅದನ್ನು ತಪ್ಪು ಎಂದು ತಿಳಿದು ತಾನೇ ತಿದ್ದಿ, ಮೇಲೆ ಹೊಳಪು ಬೇರೆ ಕೊಟ್ಟಿದ್ದ. ಹೆಂಡತಿ ಬೈಯಲಿಲ್ಲ. "ಕಟ್ಟಿದೋರು ನೀವೇ ಅಲ್ವಾ? ಒಡೀರಿ" ಎಂದಷ್ಟೇ ಹೇಳಿ, ಅಡುಗೆಮನೆ ಬಾಗಿಲಿಗೆ ಎಂದಿಗಿಂತ ಸ್ವಲ್ಪ ಜೋರಾಗಿ ಒದ್ದಳು.

ಮರುದಿನ ಉಳಿ, ಸುತ್ತಿಗೆ ಹಿಡಿದು ಚೌಕಕ್ಕೆ ಹೋದರೆ ಇಂಜಿನಿಯರ್ ಹುಡುಗಿ ಅವನಿಗಿಂತ ಮುಂಚೆಯೇ ಬಂದು ನಿಂತಿದ್ದಳು. ಅವನು ಬೈಗುಳಕ್ಕೆ ತಲೆತಗ್ಗಿಸಿದ. ಅವಳು ಕೇಳಿದ್ದು ಒಂದೇ, "ಹಳೇ ಕಲ್ಲಿಗೆ ಏಟು ಬೀಳದ ಹಾಗೆ ತೆಗೀಬಹುದಾ ಮೇಸ್ತ್ರಿ?"

"ತೆಗೀತೀನಿ" ಎಂದ. ಬಾಯಿಚಪಲ ಇನ್ನೂ ಹೋಗಿರಲಿಲ್ಲ.

ಉಳಿ ಇಟ್ಟ ಮೇಲೆ ಗೊತ್ತಾಯಿತು, ಸಿಕ್ಕಿಹಾಕಿಕೊಂಡಿದ್ದೇನೆ ಎಂದು. ಕಟ್ಟೆಯ ವಾಲು ಹೇಗೋ ಸಿಕ್ಕಿತು, ಮೂಲೆಯಲ್ಲಿ ಹಳೆಯ ಅಂಚು ಕಾಣುತ್ತಿತ್ತು. ತಗ್ಗುಗಳಲ್ಲಿ ಮಾತ್ರ ತನ್ನ ಗಾರೆ ಎಲ್ಲಿ ಮುಗಿಯಿತು, ಹಳೆಯ ಕಲ್ಲು ಎಲ್ಲಿ ಶುರುವಾಯಿತು ಎಂದು ತಿಳಿಯಲೇ ಇಲ್ಲ. ಬಣ್ಣ ಒಂದೇ, ಗಡಸೂ ಒಂದೇ. ನೀರು ಚಿಮುಕಿಸಿ ನೋಡಿದ. ಸಾಧಾರಣ ಗಾರೆಯಾದರೆ ನೀರು ಕುಡಿದು ಕಪ್ಪಾಗುತ್ತದೆ. ಇವನ ಗಾರೆ ಇವನಷ್ಟೇ ಹಟಮಾರಿ, ಒಂದು ಹನಿ ಕುಡಿಯಲಿಲ್ಲ. ಒಂದು ಏಟು ಹೆಚ್ಚಾದರೆ ಆ ಅಂಗೈಗಳ ಗುರುತು ಸಿಡಿದು ಹೋಗುತ್ತದೆ, ಮತ್ತೆ ಸಿಗುವುದಿಲ್ಲ.

"ಸ್ವಲ್ಪ ಕೆಟ್ಟದಾಗಿ ಕೆಲಸ ಮಾಡೋದು ಕಲೀಬೇಕಿತ್ತು ಮೇಸ್ತ್ರಿ" ಎಂದ ನಲ್ಲಿ ಕೆಲಸದವನು.

ರಸಮಟ್ಟ ಉಳಿ ಕೆಳಗಿಟ್ಟು ಮನೆಗೆ ನಡೆದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಅಂಥ ಮಾತು ಅವನು ಹಿಂದೆಂದೂ ಆಡಿದವನಲ್ಲ, ನಾಲಿಗೆ ಹೊರಳುತ್ತಿರಲಿಲ್ಲ. ಅಕ್ಕ ಕಿಟಕಿಯ ಮುಂದೆ ಕೂತಿದ್ದಳು. ಅವನು ನೆಲದ ಮೇಲೆ ಕೂತ.

"ಅಕ್ಕ, ನನ್ನ ಕೈಲಿ ಆಗ್ತಿಲ್ಲ."

ಅವಳು ತಿರುಗಲಿಲ್ಲ.

"ತಗ್ಗು ಎಷ್ಟು ಆಳ ಇತ್ತು, ಎಲ್ಲಿ ಕೈ ಕೂರ್ತಿತ್ತು, ನಂಗೆ ಗೊತ್ತಿಲ್ಲ. ನಗರಸಭೆಯಲ್ಲಿರೋ ಹಳೇ ಫೋಟೋ ನೋಡಿದ್ರೂ ಗೊತ್ತಾಗ್ತಿಲ್ಲ. ನಿನ್ನ ಕೈಗೆ ಗೊತ್ತು. ನೀನು ಬಂದು ಸರಿ ಇದೆಯಾ ಇಲ್ವಾ ಹೇಳ್ಬೇಕು. ನೀರು ಕುಡಿಯೋಕೆ ಅಲ್ಲ. ನಂಗೋಸ್ಕರ."

ಅಕ್ಕ ಈಗ ತಿರುಗಿದಳು. "ನೀನು ಮಾಡಿದ ಕೆಲಸ ಸರಿ ಇದೆಯಾ ಅಂತ, ನೀನು, ಇನ್ನೊಬ್ಬರ ಹತ್ರ ಕೇಳ್ತಿದ್ದೀಯಾ?"

"ಹೂಂ."

"ಜ್ವರ ಗಿರ ಬಂದಿದೆಯಾ?"

"ಇಲ್ಲಕ್ಕ."

ಅವಳು ಅವನ ಮುಖವನ್ನೇ ನೋಡಿದಳು. ಕಣ್ಣಲ್ಲಿ ನೀರು ನಿಂತಿತ್ತು, ಮೂಗಿನ ಮೇಲೆ ಸಿಮೆಂಟಿತ್ತು. ಎದ್ದು, ಗೋಡೆ ಹಿಡಿದು ಹೋಗಿ, ಬಾಗಿಲ ಹಿಂದಿನ ಚಪ್ಪಲಿಯನ್ನು ಕಾಲಿನಿಂದ ಎಳೆದುಕೊಂಡಳು. "ಭುಜ ಕೊಡು. ನಿಧಾನಕ್ಕೆ ನಡಿ. ಓಡಿದ್ರೆ ನೋಡು."

ಬೇಕರಿಯವಳು ಕುರ್ಚಿ ಕೊಟ್ಟಳು. ಅಕ್ಕ ಸಿಂಹದ ಮುಂದೆ ಕೂತು, ಎಡಗೈ ಕಟ್ಟೆಯ ಮೇಲಿಟ್ಟು, ಕಣ್ಣುಮುಚ್ಚಿ, ಅಪ್ಪಣೆ ಕೊಡತೊಡಗಿದಳು. ಇಲ್ಲಿ ತೆಗಿ. ಅಲ್ಲಲ್ಲ, ಹೆಬ್ಬೆರಳ ಕಡೆ. ಸಾಕು, ಅಲ್ಲಿ ಕಲ್ಲು ಬಂತು, ಮುಟ್ಬೇಡ. ಉಳಿಯ ಒಂದೊಂದು ಏಟಿಗೂ ಅವನು ನಿಲ್ಲುತ್ತಿದ್ದ, ಅವಳು ಸವರಿ ನೋಡುತ್ತಿದ್ದಳು. ನಿಂತು ನೋಡುವವರು ಹೆಚ್ಚಾದರು. ಮೇಸ್ತ್ರಿಯ ಕೈಯ ಕೆಲಸವನ್ನು ನಾಲ್ಕು ಜನ ನಿಂತು ನೋಡಬೇಕು ಎಂಬ ಆಸೆ ಕೊನೆಗೂ ಈಡೇರಿತು. ಅವರು ನೋಡಿದ್ದು ಅವನು ತನ್ನ ಕೆಲಸವನ್ನು ತಾನೇ ಒಡೆಯುತ್ತ ಅಕ್ಕನ ಹತ್ತಿರ ಬೈಸಿಕೊಳ್ಳುವುದನ್ನು.

"ಇಷ್ಟು ಗಟ್ಟಿಯಾಗಿ ಯಾರು ಕಲಸು ಅಂದ್ರು ನಿಂಗೆ?"

"ನಾನೇ."

"ಹೊಗಳಿಕೊಳ್ತಿದ್ದೀಯಾ?"

"ಇಲ್ಲಕ್ಕ."

ಒಂದು ದಿನದಲ್ಲಿ ಮುಗಿಯುವ ಕೆಲಸವಲ್ಲ ಅದು. ಮರುದಿನವೂ ಅಕ್ಕ ಬಂದಳು, ಅದರ ಮರುದಿನವೂ. ಭುಜ ಹಿಡಿದಿದ್ದವಳು ಬರೀ ಬೆರಳು ತಾಗಿಸಿಕೊಂಡು ನಡೆದಳು. ಉಳಿದ ಮೂರು ಸಿಂಹಗಳ ತಗ್ಗೂ ಅವಳ ಕೈಯಳತೆಯಿಂದಲೇ ತೆರೆದವು. ಕೊನೆಯದಾಗಿ ಬೇಕರಿ ಕಡೆಯ ತಗ್ಗಿನಲ್ಲಿ ಉಗುರಿನಷ್ಟು ಉಳಿದಿದ್ದ ಗಾರೆಯನ್ನು ತೆಗೆದು, ಅವನು ಧೂಳು ಊದಿ ಹಿಂದೆ ಸರಿದ. ಅಭ್ಯಾಸಬಲ, ಕೈ ಚೀಲದಿಂದ ರಸಮಟ್ಟ ತೆಗೆದು ಕಟ್ಟೆಯ ಮೇಲಿಟ್ಟಿತು. ಗುಳ್ಳೆ ಓಡಿಹೋಗಿ ಮೂಲೆ ಸೇರಿತು.

"ಅದನ್ನ ಒಳಗಿಡು" ಎಂದಳು ಅಕ್ಕ.

ಒಳಗಿಟ್ಟ.

ನಲ್ಲಿ ಕೆಲಸದವನು ನೀರು ಬಿಟ್ಟ. ಅಕ್ಕ ಕುರ್ಚಿಯಿಂದ ಎದ್ದಳು. ಅವನು ಹಿಡಿಯಲು ಕೈ ಚಾಚಿದ, ಅವಳು ಬೇಡ ಎಂದು ತಲೆಯಾಡಿಸಿದಳು. ಎಡಗೈ ತಗ್ಗಿಗೆ ಹೋಯಿತು, ಕೂತಿತು, ಅಲುಗಲಿಲ್ಲ. ಅವಳು ತನ್ನ ಭಾರವನ್ನೆಲ್ಲ ಅದರ ಮೇಲೆ ಬಿಟ್ಟು ಬಗ್ಗಿದಳು. ಬಲಗೈಯಲ್ಲಿ ನೀರು ಹಿಡಿದು ಕುಡಿದಳು, ಮತ್ತೆ ಹಿಡಿದು ಕುಡಿದಳು. ಸಿಡಿದ ನೀರು ಸದ್ದಿಲ್ಲದೆ ತೊಟ್ಟಿಗೆ ಇಳಿಯಿತು. ಅವನು ತೀರ್ಪಿಗೆ ಕಾದವನಂತೆ ನಿಂತಿದ್ದ. ಇಷ್ಟು ವರ್ಷಗಳಲ್ಲಿ ಅವಳು ಅವನ ಯಾವ ಕೆಲಸವನ್ನೂ ಚೆನ್ನಾಗಿದೆ ಎಂದವಳಲ್ಲ.

ಈಗಲೂ ಅನ್ನಲಿಲ್ಲ. ನೆಟ್ಟಗೆ ನಿಂತು ಅವನನ್ನು ನೋಡಿ, "ಇಲ್ಲಿ ಬಾ. ಮುಖ ನೋಡು ಹೆಂಗಿದೆ, ಎಲ್ಲಾ ಸಿಮೆಂಟು" ಎಂದಳು. ಒದ್ದೆ ಕೈಯಿಂದ ಅವನ ಹಣೆ, ಮೂಗು, ಕೆನ್ನೆ ಎಲ್ಲವನ್ನೂ ಉಜ್ಜಿದಳು. ಅರವತ್ತು ದಾಟಿದ ಗಂಡಸು ನಡುಚೌಕದಲ್ಲಿ ಕಣ್ಣುಮುಚ್ಚಿ ಉಜ್ಜಿಸಿಕೊಂಡ. ಆ ಕೈ ಇನ್ನೂ ಒರಟಾಗಿಯೇ ಇತ್ತು, ಕೆನ್ನೆ ಉರಿಯಿತು.

"ಮನೆಗೆ ಹೋಗೋಣ್ವಾ ಅಕ್ಕ?" ಎಂದು ಕೇಳಿದ, ಚೀಲ ಹೆಗಲಿಗೆ ಹಾಕಿಕೊಂಡು.

"ಹೋಗೋಣ. ಬಿಸಿಲು ಜಾಸ್ತಿ ಆಯ್ತು" ಎಂದಳು ಅಕ್ಕ. "ನಾಳೆ ಸ್ವಲ್ಪ ಬೇಗ ಹೊರಡೋಣ."